ಹಳೆಯ ತೋಟಾದೊಳಗಿನ ಮದ್ದು ಯಾವುದು?



ನಮ್ಮ ಭಾಷೆಯಲ್ಲಿ ಮದ್ದು ಎಂಬ ಮಾತಿಗೆ ಎರಡು ಅರ್ಥಗಳಿವೆ. ಜ್ವರ ಬಂದಾಗ ಕುಡಿಯುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಈ ಎರಡಕ್ಕೂ ಸಲ್ಲುವ ಒಂದು ನಿಯಮವಿದೆ. ಚೀಟಿ ಕಿತ್ತುಹೋದ ಸೀಸೆಯಲ್ಲಿ ಉಳಿದಿರುವ ಔಷಧಿ ಯಾವುದೆಂದು ಬಣ್ಣ ನೋಡಿ ಹೇಳಲು ಸಾಧ್ಯವಿಲ್ಲ. ರುಚಿ ನೋಡಿ ತಿಳಿಯಲು ಹೊರಡುವುದು ಅವಿವೇಕ. ಹಳೆಯ ತೋಟಾದೊಳಗಿನ ಮದ್ದಿನ ವಿಷಯವೂ ಹಾಗೆಯೇ. ನೋಡಿದ ಮಾತ್ರಕ್ಕೆ ಅದರ ಗುರುತು ಸಿಕ್ಕುವುದಿಲ್ಲ. ಕಡ್ಡಿ ಗೀರಿ ಪರೀಕ್ಷಿಸಿದರೆ ಗುರುತು ಸಿಕ್ಕುವ ಮೊದಲೇ ಕೈಬೆರಳು ಹೋದೀತು. ಹಾಗಾದರೆ ವಿಜ್ಞಾನಿಗಳು ಅದನ್ನು ಹೇಗೆ ಗುರುತಿಸುತ್ತಾರೆ? ಈ ಹೊತ್ತು ಈ ಬಗ್ಗೆ ಸ್ವಲ್ಪ ವಿಚಾರ ಮಾಡೋಣ.

ಈ ವಿಷಯ ನಮಗೇಕೆ ಎಂದು ನೀವು ಕೇಳಬಹುದು. ಕುಂದಲಹಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಇಂದು ಅದು ಕಂಪ್ಯೂಟರ್ ಕಂಪನಿಗಳ ನಡುವಿನ, ಬಹುಮಹಡಿ ಕಟ್ಟಡಗಳ ಊರು. ಆದರೆ ಅದರ ಪೂರ್ವಕ್ಕಿರುವ ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ, ಆಂಗ್ಲೋ-ಇಂಡಿಯನ್ ಕುಟುಂಬಗಳ ನೆಲೆಗೆಂದು ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಕೊಟ್ಟ 3,900 ಎಕರೆ ಭೂಮಿಯಲ್ಲಿ. ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ 1940ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧವಿಮಾನಗಳು ರಿಪೇರಿಗೆ ಬರುತ್ತಿದ್ದ ಜಾಗ ಅದು. ಇನ್ನೂ ಆಚೆಗೆ, 19ನೆಯ ಶತಮಾನದ ಆರಂಭದಿಂದ ಸೈನ್ಯ ಬೀಡುಬಿಟ್ಟಿದ್ದ ಬೆಂಗಳೂರು ದಂಡು. ಇಂಥ ಪ್ರದೇಶದಲ್ಲಿ ಹಳೆಯ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲೋ, ಪಾಯ ತೋಡುವಾಗ ಮಣ್ಣಿನಲ್ಲೋ ಒಂದೆರಡು ಹಳೆಯ ತೋಟಾಗಳು ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ. ಮಲೆನಾಡು ಮತ್ತು ಕೊಡಗಿನ ಮನೆಗಳಲ್ಲಂತೂ ಕೋವಿ ಎಂಬುದು ತಲೆಮಾರುಗಳಿಂದ ಬಂದ ವಸ್ತು. ಆದ್ದರಿಂದ ಈ ಪ್ರಶ್ನೆ ನಿಮ್ಮಲ್ಲಿ ಯಾರ ಮನೆಗಾದರೂ ಬರಬಹುದು.

ಮೊದಲಿಗೆ ನಮ್ಮ ರಾಜ್ಯದಲ್ಲೇ ನಡೆದ ಒಂದು ಸಂಗತಿಯನ್ನು ನೋಡೋಣ. ಅದು ತೋಟಾದ ಕತೆಯಲ್ಲ, ರಾಕೆಟ್ಟಿನ ಕತೆ. ಆದರೆ ಅಪರಿಚಿತ ಮದ್ದನ್ನು ಗುರುತಿಸುವ ಕಷ್ಟವೇನೆಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬ ಊರಿದೆ. ಕೆಳದಿಯ ಅರಸರ ರಾಜಧಾನಿಯಾಗಿದ್ದಾಗ ಅದರ ಹೆಸರು ಬಿದನೂರು. 1763ರಲ್ಲಿ ಹೈದರ್ ಅಲಿ ಅದನ್ನು ಗೆದ್ದು ಹೈದರ್‌ನಗರವೆಂದು ಕರೆದ. ಅಲ್ಲಿ 2002ರಲ್ಲಿ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ರಾಕೆಟ್ಟುಗಳೆಂಬುದು ಕೆಲವು ವರ್ಷಗಳ ಅಧ್ಯಯನದ ಬಳಿಕವೇ ಖಚಿತವಾಯಿತು. ಅನಂತರ 2018ರ ಜುಲೈ ತಿಂಗಳಲ್ಲಿ, ಅದೇ ನಗರದ ಒಂದು ಬತ್ತಿದ ಬಾವಿಯಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಉತ್ಖನನ ನಡೆಸಿದಾಗ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ಟುಗಳು ರಾಶಿಯಾಗಿ ದೊರೆತವು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಬಾವಿಯ ಮಣ್ಣು ಮದ್ದಿನ ವಾಸನೆ ಬೀರುತ್ತಿದ್ದುದೇ ಆ ಉತ್ಖನನಕ್ಕೆ ಸುಳಿವಾಯಿತೆಂದು ಇಲಾಖೆಯ ಅಧಿಕಾರಿಗಳು ಹೇಳಿದರು. ಎರಡು ಶತಮಾನಗಳು ಕಳೆದರೂ ಮದ್ದು ತನ್ನ ಇರವನ್ನು ತಾನೇ ಸಾರುತ್ತಿತ್ತು.

ಟಿಪ್ಪು ಸುಲ್ತಾನನ ಸೈನ್ಯ ಇಂಥ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಬಳಸಿದ್ದು ಇತಿಹಾಸಪ್ರಸಿದ್ಧ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಂದ ಸಾಗಿಸಿದ ಮಾದರಿಗಳನ್ನು ನೋಡಿಯೇ ಇಂಗ್ಲೆಂಡಿನ ವುಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳ ಪ್ರಯೋಗಕ್ಕೆ ಕೈಹಾಕಿದ. ಬೆಂಗಳೂರಿನ ಖ್ಯಾತ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಈ ಬಗ್ಗೆ ಒಂದು ಮಹತ್ವದ ಪ್ರಬಂಧ ಬರೆದರು. ಬಿದಿರು ಅಥವಾ ಕಾಗದದ ಕೊಳವೆ ತಾಳಲಾರದ ಒತ್ತಡವನ್ನು ಕಬ್ಬಿಣದ ಕೊಳವೆ ತಾಳುತ್ತಿತ್ತು. ಆದ್ದರಿಂದ ಅದರಲ್ಲಿ ಮದ್ದನ್ನು ಹೆಚ್ಚು ಗಟ್ಟಿಯಾಗಿ ತುಂಬಬಹುದಾಗಿತ್ತು, ರಾಕೆಟ್ಟು ಹೆಚ್ಚು ದೂರ ಹೋಗುತ್ತಿತ್ತು.

ಈಗ ನಮ್ಮ ಪ್ರಶ್ನೆಗೆ ಬರೋಣ. ನಗರದ ರಾಕೆಟ್ಟುಗಳಲ್ಲಿದ್ದ ಮದ್ದು ಯಾವುದು? 2018ರ ಪತ್ರಿಕಾ ವರದಿಗಳಲ್ಲಿ ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು ಮತ್ತು ಮೆಗ್ನೀಸಿಯಂ ಪುಡಿ ಎಂದು ಬಂದಿತ್ತು. ಮೊದಲಿನ ಎರಡು ಸರಿಯೇ. ಪೊಟ್ಯಾಸಿಯಂ ನೈಟ್ರೇಟ್ ಎಂದರೆ ನಮ್ಮ ಹಿರಿಯರು ಪೆಟ್ಲುಪ್ಪು ಎಂದು ಕರೆಯುತ್ತಿದ್ದ ಲವಣ. ಆದರೆ ಮೂರನೆಯದರ ಬಗ್ಗೆ ವಿಜ್ಞಾನದ ವಿದ್ಯಾರ್ಥಿ ಸ್ವಲ್ಪ ನಿಂತು ಯೋಚಿಸಬೇಕು. ಮೆಗ್ನೀಸಿಯಂ ಲೋಹವನ್ನು ಮೊತ್ತಮೊದಲು ಬೇರ್ಪಡಿಸಿದವನು ಇಂಗ್ಲೆಂಡಿನ ಹಂಫ್ರಿ ಡೇವಿ, ಅದು 1808ರಲ್ಲಿ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಜಗತ್ತಿನಲ್ಲಿ ಯಾರ ಕೈಗೂ ಬಾರದಿದ್ದ ಲೋಹದ ಪುಡಿ ಬಿದನೂರಿನ ಕಮ್ಮಾರನ ಕೈಗೆ ಬರಲು ಸಾಧ್ಯವಿಲ್ಲ. ಹಾಗೆಂದು ಪರೀಕ್ಷೆಯೇ ಸುಳ್ಳೆಂದು ಹೇಳಬೇಕಾಗಿಲ್ಲ. ಮೆಗ್ನೀಸಿಯಂ ಎಂಬ ಮೂಲವಸ್ತು ಲವಣಗಳ ರೂಪದಲ್ಲಿ ಮಣ್ಣಿನಲ್ಲೂ ಬಾವಿಯ ನೀರಿನಲ್ಲೂ ಸಾಮಾನ್ಯವಾಗಿ ಇರುತ್ತದೆ. ಮಾದರಿಯಲ್ಲಿ ಮೆಗ್ನೀಸಿಯಂ ಕಂಡರೆ ಅದು ಆ ದಾರಿಯಲ್ಲಿ ಸೇರಿಕೊಂಡಿರಬಹುದು. ಮೂಲವಸ್ತುವೊಂದು ಇದೆ ಎನ್ನುವುದು ಬೇರೆ, ಅದು ಮದ್ದಿನ ಭಾಗವಾಗಿತ್ತು ಎನ್ನುವುದು ಬೇರೆ. ಅಪರಿಚಿತ ಮದ್ದನ್ನು ಗುರುತಿಸುವಾಗ ನಾವು ಕಲಿಯಬೇಕಾದ ಮೊದಲ ಪಾಠ ಇದು: ರಸಾಯನಶಾಸ್ತ್ರದ ಉತ್ತರವನ್ನು ಇತಿಹಾಸದ ಪಕ್ಕದಲ್ಲಿಟ್ಟು ನೋಡಬೇಕು.

ಆ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹಲವು ಶತಮಾನಗಳ ಕಾಲ ಪ್ರಪಂಚದಲ್ಲಿ ಕೋವಿಗೆ ಇದ್ದದ್ದು ಒಂದೇ ಜಾತಿಯ ಮದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು, ಈ ಮೂರರ ಮಿಶ್ರಣ. ಇದಕ್ಕೆ ಕರಿಮದ್ದು ಎನ್ನೋಣ. ಇದು ಮಿಶ್ರಣವೇ ಹೊರತು ಸಂಯುಕ್ತವಲ್ಲ ಎಂಬುದನ್ನು ನೆನಪಿಡಿ. ಇದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದಿಲ್ಲ. ಘನಪದಾರ್ಥದ ಸೂಕ್ಷ್ಮ ಕಣಗಳಾಗಿ ಉಳಿಯುತ್ತದೆ. ಹಳೆಯ ಯುದ್ಧಗಳ ಚಿತ್ರಗಳಲ್ಲಿ ಕಾಣುವ ದಟ್ಟ ಬಿಳಿ ಹೊಗೆ ಅದೇ. ನಳಿಗೆಯಲ್ಲಿ ಮೆತ್ತಿಕೊಳ್ಳುವ ಮಸಿಯೂ ಅದೇ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬ ರಸಾಯನವಿಜ್ಞಾನಿ ನೈಟ್ರೊಸೆಲ್ಯುಲೋಸಿನಿಂದ, ಅಂದರೆ ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದ ನಾರಿನ ಪದಾರ್ಥದಿಂದ, ಹೊಗೆಯಿಲ್ಲದ ಮದ್ದನ್ನು ರೂಪಿಸಿದ. 1887ರಲ್ಲಿ ಆಲ್‌ಫ್ರೆಡ್ ನೊಬೆಲ್ ನೈಟ್ರೊಸೆಲ್ಯುಲೋಸಿಗೆ ನೈಟ್ರೊಗ್ಲಿಸರಿನ್ ಸೇರಿಸಿ ಇನ್ನೊಂದು ಮದ್ದಿಗೆ ಪೇಟೆಂಟ್ ಪಡೆದ. 1889ರಲ್ಲಿ ಬ್ರಿಟನ್ನಿನ ಏಬಲ್ ಮತ್ತು ಡ್ಯೂಯರ್ ಅದೇ ಜಾತಿಯ ಮದ್ದನ್ನು ದಾರದಂತೆ ಎಳೆದು ತಯಾರಿಸಿದರು. ದಾರಕ್ಕೆ ಇಂಗ್ಲಿಷಿನಲ್ಲಿ ಕಾರ್ಡ್ ಎನ್ನುವುದರಿಂದ ಅದಕ್ಕೆ ಕಾರ್ಡೈಟ್ ಎಂದು ಹೆಸರಾಯಿತು. ಊಟಿಯ ಪುಟ್ಟ ರೈಲಿನಲ್ಲಿ ಪ್ರಯಾಣ ಮಾಡಿದವರು ಕೂನೂರು ದಾಟಿದ ಮೇಲೆ ಅರವಂಕಾಡು ಎಂಬ ನಿಲ್ದಾಣವನ್ನು ಕಂಡಿರಬಹುದು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಸ್ಥಾಪಿಸಿದ ಕಾರ್ಖಾನೆಯ ಹೆಸರೇ ಕಾರ್ಡೈಟ್ ಫ್ಯಾಕ್ಟರಿ. ಅದು ಈಗಲೂ ಕೆಲಸ ಮಾಡುತ್ತಿದೆ.

ಹೀಗೆ ಕೇವಲ ಐದಾರು ವರ್ಷಗಳಲ್ಲಿ ಮದ್ದಿನ ಪ್ರಪಂಚ ಬದಲಾಯಿತು. ನಮ್ಮಲ್ಲಿ ಪೊಲೀಸರ ಕೈಯಲ್ಲಿ ಬಹುಕಾಲ ಇದ್ದ, ತ್ರೀ-ನಾಟ್-ತ್ರೀ ಎಂದು ಜನ ಕರೆಯುವ ರೈಫಲಿನ ತೋಟಾ ಇದಕ್ಕೆ ಒಳ್ಳೆಯ ನಿದರ್ಶನ. 1888ರ ಸುಮಾರಿಗೆ ಬ್ರಿಟಿಷ್ ಸೈನ್ಯಕ್ಕೆ ಅದು ಬಂದಾಗ ಒಳಗಿದ್ದದ್ದು ಒತ್ತಿ ಅಚ್ಚು ಹಾಕಿದ ಕರಿಮದ್ದು. ಕೆಲವೇ ವರ್ಷಗಳಲ್ಲಿ ಅದರ ಜಾಗಕ್ಕೆ ಕಾರ್ಡೈಟ್ ಬಂತು. ಮುಂದೆ ಅದೇ ಅಳತೆಯ ತೋಟಾದಲ್ಲಿ ನೈಟ್ರೊಸೆಲ್ಯುಲೋಸಿನ ಹರಳುಗಳೂ ಬಂದವು. ಹೊರಗಿನ ಹಿತ್ತಾಳೆಯ ಕವಚದ ಅಳತೆ ಒಂದೇ, ಒಳಗಿನ ಮದ್ದು ಮೂರು ಬಗೆ! ಆಕಾರ ನೋಡಿ ಮದ್ದನ್ನು ಹೇಳಲಾಗದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ತಜ್ಞರು ಎಲ್ಲಿಂದ ಆರಂಭಿಸುತ್ತಾರೆ? ತೋಟಾವನ್ನು ಬಿಚ್ಚಿ ನೋಡುವುದರಿಂದಲ್ಲ, ಅದರ ತಳವನ್ನು ಓದುವುದರಿಂದ. ಹಿತ್ತಾಳೆಯ ತೋಟಾದ ತಳದಲ್ಲಿ, ನಡುವಿನ ಕೇಪಿನ ಸುತ್ತ, ಅಕ್ಷರಗಳನ್ನೂ ಅಂಕಿಗಳನ್ನೂ ಅಚ್ಚೊತ್ತಿರುತ್ತಾರೆ. ನಾಣ್ಯದ ಮೇಲೆ ಟಂಕಸಾಲೆಯ ಗುರುತು ಇರುವಂತೆ ಇದು ಕಾರ್ಖಾನೆಯ ಗುರುತು. ಕೆ ಮತ್ತು ಎಫ್ ಅಕ್ಷರಗಳ ನಡುವೆ ಬಾಣದ ಚಿಹ್ನೆಯಿದ್ದರೆ ಅದು ಪುಣೆಯ ಬಳಿಯ ಕಿರ್ಕಿ ಕಾರ್ಖಾನೆಯದು. ಜೊತೆಗಿರುವ ಎರಡು ಅಂಕಿಗಳು ಸಾಮಾನ್ಯವಾಗಿ ವರ್ಷವನ್ನು ಸೂಚಿಸುತ್ತವೆ. ತ್ರೀ-ನಾಟ್-ತ್ರೀ ತೋಟಾದ ಮೇಲೆ ರೋಮನ್ ಅಂಕಿಯ ಏಳು ಮಾತ್ರ ಇದ್ದರೆ ಒಳಗಿರುವುದು ಕಾರ್ಡೈಟ್ ಎಂದೂ, ಏಳರ ಮುಂದೆ ಜೆಡ್ ಅಕ್ಷರವಿದ್ದರೆ ನೈಟ್ರೊಸೆಲ್ಯುಲೋಸಿನ ಮದ್ದು ಎಂದೂ ಅರ್ಥ. ಒಂದೇ ಒಂದು ಅಕ್ಷರ ಒಳಗಿನ ರಸಾಯನವನ್ನು ಹೇಳಿಬಿಡುತ್ತದೆ!

ಆದರೆ ಇಲ್ಲೊಂದು ತೊಡಕಿದೆ. ತಳದ ಮುದ್ರೆ ಕವಚದ ಜನ್ಮಪತ್ರಿಕೆಯೇ ಹೊರತು ಮದ್ದಿನದಲ್ಲ. ಹಾರಿಸಿದ ತೋಟಾದ ಕವಚಕ್ಕೆ ಹೊಸ ಕೇಪು ಹಾಕಿ ಮತ್ತೆ ಮದ್ದು ತುಂಬಬಹುದು. ಬೇಟೆಯ ತೋಟಾಗಳನ್ನು ಹೀಗೆ ಮನೆಯಲ್ಲಿಯೇ ತುಂಬಿಕೊಳ್ಳುವ ರೂಢಿ ಒಂದು ಕಾಲದಲ್ಲಿ ಅನೇಕ ದೇಶಗಳಲ್ಲಿತ್ತು. ಆಗ 1910ರ ಕವಚದಲ್ಲಿ 1970ರ ಮದ್ದು ಇರಬಹುದು. ಹೀಗಾಗಿ ತಳದ ಮುದ್ರೆ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ತೀರ್ಪು ಬರಬೇಕಾದದ್ದು ಪ್ರಯೋಗಾಲಯದಲ್ಲಿ. ಅಲ್ಲಿ ಮೊದಲ ಉಪಕರಣ ಸೂಕ್ಷ್ಮದರ್ಶಕ. ಕರಿಮದ್ದಿನ ಕಾಳುಗಳು ಒಡೆದ ಕಲ್ಲಿದ್ದಲಿನ ಚೂರುಗಳಂತೆ, ಒಂದರಂತೆ ಒಂದಿಲ್ಲದೆ, ಅಂಚು ಅಂಚಾಗಿರುತ್ತವೆ. ಹೊಗೆರಹಿತ ಮದ್ದು ಯಂತ್ರದಲ್ಲಿ ತಯಾರಾದದ್ದು. ಅದರ ಕಾಳುಗಳಿಗೆ ಒಂದು ಕ್ರಮಬದ್ಧ ಆಕಾರವಿರುತ್ತದೆ. ಕಾರ್ಡೈಟ್ ಕಂದುಬಣ್ಣದ ಶಾವಿಗೆಯ ಕಟ್ಟಿನಂತೆ ಇರುತ್ತದೆ. ಕೆಲವು ಮದ್ದುಗಳು ಅವಲಕ್ಕಿಯಂತೆ ಚಪ್ಪಟೆ, ಕೆಲವು ತೂತುಳ್ಳ ಹುಲ್ಲುಕಡ್ಡಿಯ ತುಂಡುಗಳಂತೆ, ಇನ್ನು ಕೆಲವು ರಾಗಿಯಂತೆ ಗುಂಡಗೆ. ಈ ಗುಂಡು ಕಾಳಿನ ಮದ್ದು ಅಮೆರಿಕದಲ್ಲಿ ಬಂದದ್ದು 1930ರ ದಶಕದಲ್ಲಿ. 1910ರ ಮುದ್ರೆಯ ತೋಟಾದಲ್ಲಿ ಅದು ಕಂಡರೆ ಯಾರೋ ನಂತರ ತುಂಬಿದ್ದಾರೆ ಎಂದೇ ಅರ್ಥ. ನೋಡಿ, ಇಲ್ಲಿ ಮತ್ತೆ ಇತಿಹಾಸ ಮತ್ತು ವಿಜ್ಞಾನ ಒಂದನ್ನೊಂದು ಪರೀಕ್ಷಿಸುತ್ತಿವೆ.

ಬಣ್ಣವನ್ನು ಮಾತ್ರ ನಂಬುವಂತಿಲ್ಲ. ಕಪ್ಪಗಿದ್ದರೆ ಕರಿಮದ್ದು ಎಂದುಕೊಳ್ಳುವುದು ಸಹಜ. ಆದರೆ ಕಾಳುಗಳು ಸರಾಗವಾಗಿ ಜಾರಲೆಂದು, ಸ್ಥಿರವಿದ್ಯುತ್ತು ಸಂಗ್ರಹವಾಗದಿರಲೆಂದು, ಹೊಗೆರಹಿತ ಮದ್ದಿಗೂ ಗ್ರಾಫೈಟ್ ಲೇಪನ ಕೊಡುತ್ತಾರೆ. ಆಗ ಅದೂ ಬೂದುಗಪ್ಪಾಗಿ ಹೊಳೆಯುತ್ತದೆ. ಕಣ್ಣಿಗೆ ಎರಡೂ ಒಂದೇ.

ಆದ್ದರಿಂದ ಮುಂದಿನ ಹಂತ ರಾಸಾಯನಿಕ ಪರೀಕ್ಷೆ. ಇದಕ್ಕೆ ಬೇಕಾಗುವುದು ಕೆಲವೇ ಕಾಳುಗಳು. ಕರಿಮದ್ದಿನಲ್ಲಿರುವ ಪೆಟ್ಲುಪ್ಪು ನೀರಿನಲ್ಲಿ ಕರಗುತ್ತದೆ. ಆ ನೀರು ನಿಧಾನವಾಗಿ ಆರಿದಾಗ ಸೂಜಿಯಂಥ ಹರಳುಗಳು ಮೂಡುತ್ತವೆ. ಅದರಲ್ಲಿನ ಪೊಟ್ಯಾಸಿಯಂ ಜ್ವಾಲೆಗೆ ತಿಳಿನೇರಳೆ ಬಣ್ಣ ಕೊಡುತ್ತದೆ. ಗಂಧಕ ನೀರಿನಲ್ಲಿ ಕರಗದು, ಕಾರ್ಬನ್ ಡೈಸಲ್ಫೈಡಿನಲ್ಲಿ ಕರಗುತ್ತದೆ. ಎರಡರಲ್ಲೂ ಕರಗದೆ ಉಳಿಯುವುದು ಇದ್ದಿಲು. ಮಿಶ್ರಣದ ಘಟಕಗಳನ್ನು ಅವುಗಳ ಗುಣಗಳಿಂದ ಬೇರ್ಪಡಿಸಬಹುದು ಎಂದು ನೀವು ಪಾಠದಲ್ಲಿ ಓದಿದ ತತ್ತ್ವವೇ ಇಲ್ಲಿ ಕೆಲಸ ಮಾಡುತ್ತದೆ. ಹೊಗೆರಹಿತ ಮದ್ದಿನ ಕಾಳು ನೀರಿನಲ್ಲಿ ಕರಗುವುದೇ ಇಲ್ಲ. ಅದನ್ನು ಗುರುತಿಸಲು ಅವಕೆಂಪು ರೋಹಿತಮಾಪಕ, ಗ್ಯಾಸ್ ಕ್ರೊಮ್ಯಾಟೊಗ್ರಾಫ್, ಮಾಸ್ ಸ್ಪೆಕ್ಟ್ರೊಮೀಟರ್ ಮೊದಲಾದ ಉಪಕರಣಗಳು ಬೇಕು. ಔಷಧಿ, ಬಣ್ಣ, ಪ್ಲಾಸ್ಟಿಕ್ ಮುಂತಾದ ಉದ್ಯಮಗಳಲ್ಲಿ ಗುಣಮಟ್ಟ ಪರೀಕ್ಷಿಸಲು ಬಳಸುವುದೂ ಇದೇ ಬಗೆಯ ಉಪಕರಣಗಳನ್ನು. ಅಪರಾಧ ಪ್ರಕರಣಗಳಿಗೆ ಸಂಬಂಧಿಸಿದ ಮಾದರಿಗಳು ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಹಳೆಯ ಮದ್ದು ಸತ್ತ ಮದ್ದಲ್ಲ.

ನೈಟ್ರೊಸೆಲ್ಯುಲೋಸ್ ಸ್ಥಿರವಾದ ಪದಾರ್ಥವಲ್ಲ. ತಯಾರಾದ ದಿನದಿಂದಲೇ ಅದು ತೀರ ನಿಧಾನವಾಗಿ ವಿಘಟನೆ ಹೊಂದುತ್ತಿರುತ್ತದೆ. ಆಗ ನೈಟ್ರೊಜನ್ ಆಕ್ಸೈಡುಗಳು ಹೊರಬರುತ್ತವೆ. ಅವು ಆಮ್ಲವಾಗಿ ಮತ್ತಷ್ಟು ವಿಘಟನೆಗೆ ಕಾರಣವಾಗುತ್ತವೆ. ಹುಳಿ ಹಿಡಿದ ಹಿಟ್ಟಿನಲ್ಲಿ ಹುಳಿ ತಾನೇ ತಾನಾಗಿ ಹೆಚ್ಚುವುದಿಲ್ಲವೆ, ಹಾಗೆ. ಇದನ್ನು ತಡೆಯಲು ಡೈಫಿನೈಲಮೀನ್ ಎಂಬಂಥ ಸ್ಥಿರಕಾರಿ ಪದಾರ್ಥವನ್ನು ಸ್ವಲ್ಪ ಸೇರಿಸಿರುತ್ತಾರೆ. ಅದು ಈ ಆಕ್ಸೈಡುಗಳನ್ನು ಹೀರಿಕೊಳ್ಳುತ್ತಾ ತಾನು ಬೇರೆ ಸಂಯುಕ್ತಗಳಾಗಿ ಮಾರ್ಪಡುತ್ತದೆ. ಕಾರ್ಡೈಟಿಗೆ ವ್ಯಾಸಲಿನ್‌ನಂಥ ಖನಿಜ ಜೆಲ್ಲಿಯನ್ನು ಸೇರಿಸಿದ್ದು ನಳಿಗೆಗೆ ಜಾರಿಕೆಯಾಗಲಿ ಎಂದು. ಅದು ಸ್ಥಿರಕಾರಿಯಾಗಿಯೂ ಕೆಲಸ ಮಾಡಿದ್ದು ಆಮೇಲೆ ತಿಳಿಯಿತು. ಪ್ರಯೋಗಾಲಯದಲ್ಲಿ ಸ್ಥಿರಕಾರಿ ಎಷ್ಟು ಉಳಿದಿದೆ, ಎಷ್ಟು ಮಾರ್ಪಟ್ಟಿದೆ ಎಂದು ಅಳೆದರೆ ಮದ್ದಿನ ಜಾತಿಯಷ್ಟೇ ಅಲ್ಲ, ಅದರ ಆರೋಗ್ಯವೂ ತಿಳಿಯುತ್ತದೆ. ಸ್ಥಿರಕಾರಿ ಮುಗಿದುಹೋದ ಮದ್ದು ಬಿಸಿಯಾಗಿ, ಯಾರೂ ಕಿಡಿ ತಾಗಿಸದೆಯೇ ಹೊತ್ತಿಕೊಳ್ಳಬಲ್ಲದು.

ಇದು ಪುಸ್ತಕದ ಭಯವಲ್ಲ. 1907ರ ಮಾರ್ಚ್ 12ರಂದು ಫ್ರಾನ್ಸಿನ ತೂಲೋನ್ ಬಂದರಿನಲ್ಲಿ ಇಯೇನಾ ಎಂಬ ಯುದ್ಧನೌಕೆ ಸ್ಫೋಟಗೊಂಡು ಸುಮಾರು 120 ಮಂದಿ ಸತ್ತರು. 1911ರಲ್ಲಿ ಅದೇ ಬಂದರಿನಲ್ಲಿ ಲಿಬರ್ತೆ ಎಂಬ ಇನ್ನೊಂದು ನೌಕೆ ಸಿಡಿಯಿತು. ಎರಡಕ್ಕೂ ಕಾರಣ ಹಡಗಿನಲ್ಲಿದ್ದ ಹೊಗೆರಹಿತ ಮದ್ದು ಹಳಸಿದ್ದು ಎಂದು ಬಹುಮಂದಿ ತಜ್ಞರು ಅಭಿಪ್ರಾಯಪಟ್ಟರು. ಮೊದಲು ಹೊಗೆರಹಿತ ಮದ್ದನ್ನು ಕಂಡುಹಿಡಿದ ದೇಶಕ್ಕೇ ಈ ಗತಿ ಬಂತು. ಒಂದು ತೋಟಾದಲ್ಲಿ ಇರುವ ಮದ್ದು ಅಷ್ಟಿಲ್ಲ, ನಿಜ. ಆದರೆ ರಸಾಯನಕ್ರಿಯೆ ಅದೇ.

ತೋಟಾದ ಕವಚ ಹಸಿರುಗಟ್ಟಿದ್ದರೆ, ಬಿರುಕು ಬಿಟ್ಟಿದ್ದರೆ, ಹುಳಿ ಆಮ್ಲದ ಘಾಟು ಬರುತ್ತಿದ್ದರೆ, ಮದ್ದು ತುಕ್ಕಿನ ಬಣ್ಣದ ಧೂಳಾಗಿದ್ದರೆ ಅದು ಕೆಟ್ಟಿರುವ ಲಕ್ಷಣ. ಆದರೆ ಈ ಲಕ್ಷಣಗಳು ಕಾಣದಿದ್ದರೆ ಅದು ಕ್ಷೇಮವೆಂದು ತಿಳಿಯಬೇಡಿ. ಅದರಲ್ಲೂ ತಳದಲ್ಲಿರುವ ಕೇಪು, ಹೊಡೆತ ಬಿದ್ದರೆ ಸಿಡಿಯಲೆಂದೇ ಮಾಡಿದ್ದು. ಹಳೆಯ ಕೇಪುಗಳಲ್ಲಿ ಪಾದರಸದ ಫಲ್ಮಿನೇಟ್ ಎಂಬ ಸೂಕ್ಷ್ಮ ಸ್ಫೋಟಕ ಇರುತ್ತಿತ್ತು. ನೆನೆದು ಹಾಳಾಗಿದೆ ಎಂಬ ಮಾತನ್ನೂ ನಂಬಬೇಡಿ. ನೆನೆದ ಕರಿಮದ್ದು ಒಣಗಿದ ಮೇಲೆ ಮತ್ತೆ ಉರಿಯಬಲ್ಲದು. ಹೊಗೆರಹಿತ ಮದ್ದಿಗಂತೂ ನೀರಿನ ಅಂಜಿಕೆಯೇ ಇಲ್ಲ.

ಇನ್ನೊಂದು ಅಪಾಯವನ್ನು ಕೋವಿಯುಳ್ಳ ಮನೆಗಳ ಮಕ್ಕಳು ಮನೆಯ ಹಿರಿಯರಿಗೂ ತಿಳಿಸಬೇಕು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಇಟ್ಟು ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳ ಮಟ್ಟಿಗೆ ಪರವಾನಗಿಯಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಇಂಥ ಮನೆತನದ ಕೋವಿಗಳಲ್ಲಿ ಬಹಳ ಹಳೆಯವು ಕರಿಮದ್ದಿನ ಒತ್ತಡಕ್ಕೆಂದು ಮಾಡಿದವು. ಹೊಗೆರಹಿತ ಮದ್ದು ಅಷ್ಟೇ ತೂಕದ ಕರಿಮದ್ದಿಗಿಂತ ಬಹಳ ಹೆಚ್ಚು ಅನಿಲವನ್ನು ಉಂಟುಮಾಡುತ್ತದೆ. ಎಲ್ಲೋ ಸಿಕ್ಕ ಹಳೆಯ ತೋಟಾದ ಮದ್ದನ್ನು ಕರಿಮದ್ದೆಂದು ತಿಳಿದು ಅಜ್ಜನ ಕೋವಿಗೆ ತುಂಬಿದರೆ ಏನಾದೀತು? ಗುಂಡು ಮುಂದಕ್ಕೆ ಹಾರುವ ಮೊದಲು ನಳಿಗೆಯೇ ಸೀಳಿ, ಹಿಡಿದವನ ಕೈಯನ್ನೂ ಕಣ್ಣನ್ನೂ ತೆಗೆದೀತು. ಮದ್ದಿನ ಗುರುತು ತಪ್ಪುವುದೆಂದರೆ ಪರೀಕ್ಷೆಯಲ್ಲಿ ಒಂದು ಅಂಕ ಕಳೆದುಕೊಂಡಂತಲ್ಲ. ಪ್ರಯೋಗಾಲಯದ ವರದಿ ಬಂದು ಮದ್ದಿನ ಹೆಸರು ತಿಳಿದ ಮೇಲೂ ಅದನ್ನು ಮತ್ತೆ ಬಳಸಲಾಗದು. ಗುರುತಿಸುವುದು ತಿಳಿವಳಿಕೆಗಾಗಿ, ವಿಲೇವಾರಿ ಮಾಡುವವರ ಸುರಕ್ಷತೆಗಾಗಿ, ಇತಿಹಾಸದ ದಾಖಲೆಗಾಗಿ. ತುಂಬಿ ಹಾರಿಸುವುದಕ್ಕಾಗಿ ಅಲ್ಲ.

ಹಾಗಾದರೆ ನಿಮಗೊಂದು ಹಳೆಯ ತೋಟಾ ಸಿಕ್ಕರೆ ಏನು ಮಾಡಬೇಕು? ಮುಟ್ಟಬೇಡಿ, ಅಲುಗಾಡಿಸಬೇಡಿ, ಉಜ್ಜಿ ಹೊಳಪು ಮಾಡಬೇಡಿ, ತುದಿಯ ಗುಂಡನ್ನು ಎಳೆಯಬೇಡಿ. ಶಾಲೆಗೆ ಒಯ್ದು ಗೆಳೆಯರಿಗೆ ತೋರಿಸುವುದೂ ಬೇಡ. ಬಿಸಿಲು, ಒಲೆ, ಬೆಂಕಿಯ ಹತ್ತಿರ ಯಾರೂ ಅದನ್ನು ಒಯ್ಯದಂತೆ ನೋಡಿಕೊಂಡು, ಮನೆಯ ಹಿರಿಯರಿಗೆ ಹೇಳಿ. ಅವರು ಹತ್ತಿರದ ಪೊಲೀಸ್ ಠಾಣೆಗೋ, 112 ದೂರವಾಣಿ ಸಂಖ್ಯೆಗೋ ತಿಳಿಸಲಿ. ಪೊಲೀಸ್ ಇಲಾಖೆಯಲ್ಲಿ ಸ್ಫೋಟಕಗಳನ್ನು ಪತ್ತೆಹಚ್ಚಿ ನಿಷ್ಕ್ರಿಯಗೊಳಿಸುವ ತರಬೇತಿ ಪಡೆದ ದಳವಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ಇಟ್ಟುಕೊಳ್ಳುವುದು ಅಪರಾಧ. ಸಿಕ್ಕಿದ್ದನ್ನು ಮುಚ್ಚಿಡುವುದರಲ್ಲಿ ತೊಂದರೆಯಿದೆ. ತಾವಾಗಿಯೇ ತಿಳಿಸುವುದೇ ಕ್ಷೇಮದ ದಾರಿ.

ಆದರೆ ವಿಜ್ಞಾನದ ಕುತೂಹಲವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ದೂರದಿಂದಲೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ತೋಟಾ ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಜೊತೆಗೆ ಇನ್ನೇನಿತ್ತು ಎಂಬುದನ್ನು ಬರೆದಿಡಿ. ಮುಟ್ಟದೆಯೇ ತಳದ ಅಕ್ಷರಗಳು ಕಾಣುತ್ತಿದ್ದರೆ ಅವನ್ನೂ ಬರೆದುಕೊಳ್ಳಿ. ಆ ಮನೆ ಯಾವಾಗ ಕಟ್ಟಿದ್ದು, ಅಲ್ಲಿ ಯಾರು ಯಾವ ಉದ್ಯೋಗದಲ್ಲಿದ್ದರು ಎಂದು ಹಿರಿಯರನ್ನು ಕೇಳಿ. ನಗರದ ಬಾವಿಯಲ್ಲಿ ರಾಕೆಟ್ಟುಗಳು ಸಿಕ್ಕ ಜಾಗವೂ ರೀತಿಯೂ ದಾಖಲಾಗಿರದಿದ್ದರೆ ಅವು ಬರೀ ತುಕ್ಕು ಹಿಡಿದ ಕಬ್ಬಿಣವಾಗುತ್ತಿದ್ದವು. ಶಿವಮೊಗ್ಗಕ್ಕೆ ಹೋದಾಗ ಶಿವಪ್ಪ ನಾಯಕನ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ. ನಗರದ ರಾಕೆಟ್ಟುಗಳನ್ನು ಸೇರಿಸಿದ್ದು ಅಲ್ಲಿಗೆ. ಆ ತುಕ್ಕಿನ ಕೊಳವೆಗಳ ಮುಂದೆ ನಿಂತಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದರಲ್ಲಿ ಏನಿತ್ತೆಂದು ನಮಗೆ ತಿಳಿದದ್ದು ಹೇಗೆ? ತಿಳಿದದ್ದು ಆ ಕಾಲಕ್ಕೆ ಹೊಂದುತ್ತದೆಯೆ?

ಈ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸವಿದ್ದವರಿಗೆ ಮದ್ದಿನ ವಿಷಯದಲ್ಲಷ್ಟೇ ಅಲ್ಲ, ಪತ್ರಿಕೆಯಲ್ಲಿ ಓದಿದ ಯಾವುದೇ ಸುದ್ದಿಯ ವಿಷಯದಲ್ಲೂ ಪ್ರಯೋಜನವಿದೆ. ಮೂರನೆಯದಾಗಿ, ತೋಟಾ ಸಿಕ್ಕ ದಿನ ನೆನಪಿಡಬೇಕಾದ ಮಾತು ಒಂದೇ: ಗುರುತು ಗೊತ್ತಿಲ್ಲದ ಮದ್ದನ್ನು ಕೈಯಿಂದ ಪರೀಕ್ಷಿಸಬೇಡಿ, ತಲೆಯಿಂದ ಪರೀಕ್ಷಿಸಿ.